ಮಂಗನಿಂದ ಮಾನವ: ಗೋಡೆಯ ಮೇಲಿನ ಒಂದು ಚಿತ್ರಪಟದ ವಿಮರ್ಶೆ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಕಡೆಯ ಒಂದು ಪ್ರೌಢಶಾಲೆಗೆ ಲೋಲಕದ ಪ್ರಯೋಗಗಳನ್ನು ಮಾಡಿ ತೋರಿಸಲು ಹೋಗಿದ್ದೆ. ಪ್ರಯೋಗ ಮುಗಿದು, ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಪ್ರಶ್ನೆ ಲೋಲಕಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ನನ್ನ ಬೆನ್ನ ಹಿಂದೆ ಗೋಡೆಗೆ ತೂಗುಹಾಕಿದ್ದ ಚಿತ್ರಪಟವನ್ನು ತೋರಿಸಿ ಕೇಳಿದಳು: "ಸರ್, ನಮ್ಮ ಹೊಲಕ್ಕೆ ಬರೋ ಕೋತಿ ಕಡ್ಲೆಕಾಯಿ ಗಿಡ ಕಿತ್ತು, ಎರಡೂ ಕೈಲಿ ಅವುಚ್ಕೊಂಡು, ಎರಡೇ ಕಾಲಲ್ಲಿ ಓಡುತ್ತೆ. ಅದು ಈ ಪಟದಲ್ಲಿ ಎಷ್ಟನೇ ಚಿತ್ರ ಸರ್?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ.

ಆ ಪಟವನ್ನು ಓದುಗರೆಲ್ಲರೂ ನೋಡಿರುತ್ತಾರೆ. ಎಡತುದಿಯಲ್ಲಿ ಕೈಯೂರಿ ನಡೆಯುವ ವಾನರ. ಅದರ ಮುಂದೆ ಬೆನ್ನು ಬಾಗಿಸಿ, ಮೊಣಕಾಲು ಮಡಿಸಿ, ಕೈಗಳನ್ನು ಇಳಿಬಿಟ್ಟುಕೊಂಡ ಒಂದು ಜೀವಿ. ಅದರ ಮುಂದೆ ಸ್ವಲ್ಪ ಕಡಿಮೆ ಬಾಗಿದ ಇನ್ನೊಂದು. ಆಮೇಲೆ ಕಲ್ಲು, ಈಟಿ ಹಿಡಿದವರು. ಬಲತುದಿಯಲ್ಲಿ ಎದೆ ಸೆಟೆಸಿ ನಡೆಯುವ ಗಂಡಸು. ಹೆಂಗಸಿಗೆ ಈ ಮೆರವಣಿಗೆಯಲ್ಲಿ ಜಾಗವಿಲ್ಲ. ಕೆಳಗೆ ದಪ್ಪ ಅಕ್ಷರಗಳಲ್ಲಿ 'ಮಂಗನಿಂದ ಮಾನವ'. ಪ್ರಾಸ ಚೆನ್ನಾಗಿದೆ, ಈ ಮಾತು ಕನ್ನಡದಲ್ಲಿ ಇಷ್ಟು ಕಾಲ ಬಾಳಲು ಆ ಪ್ರಾಸವೂ ಒಂದು ಕಾರಣವಿರಬೇಕು.

ಹುಡುಗಿಯ ಪ್ರಶ್ನೆಗೆ ಉತ್ತರ 'ಎಷ್ಟನೆಯದೂ ಅಲ್ಲ' ಎಂಬುದು. ಏಕೆ ಅಲ್ಲ ಎಂದು ವಿವರಿಸಲು ಹೊರಟರೆ ಪಟದ ನಡುವಿನ ಎರಡು ಮೂರು ಆಕೃತಿಗಳನ್ನೇ ಅಳಿಸಬೇಕಾಗುತ್ತದೆ. ಅಷ್ಟೊಂದು ಬಾಗಿ, ಅಷ್ಟೊಂದು ಮೊಣಕಾಲು ಮಡಿಸಿಕೊಂಡು ಲಕ್ಷಾಂತರ ವರ್ಷ ನಡೆದ ಪೂರ್ವಜನಿದ್ದ ಎನ್ನಲು ಪಳೆಯುಳಿಕೆಗಳಲ್ಲಿ ಗಟ್ಟಿಯಾದ ಆಧಾರವಿಲ್ಲ. ಬಲ ಮತ್ತು ಶಕ್ತಿಯ ಲೆಕ್ಕವೂ ಅದಕ್ಕೆ ಎದುರಾಗಿಯೇ ಇದೆ. ನಾನು ಜೀವವಿಜ್ಞಾನಿಯಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೂ ನಡಿಗೆ ಎಂಬುದು ಬಲ, ಸನ್ನೆ, ಶಕ್ತಿಗಳ ವಿಷಯವಾದ್ದರಿಂದ ಈ ಪಟವನ್ನು ವಿಮರ್ಶಿಸುವ ಹಕ್ಕು ನನಗೂ ಸ್ವಲ್ಪ ಇದೆ ಎಂದು ಭಾವಿಸಿದ್ದೇನೆ.

ಪಟದ ಮೂಲ 1965ರದು. ಅಮೆರಿಕದ ಟೈಮ್-ಲೈಫ್ ಪ್ರಕಾಶನ ಹೊರತಂದ 'ಅರ್ಲಿ ಮ್ಯಾನ್' ಎಂಬ ಪುಸ್ತಕದಲ್ಲಿ ಮಡಿಚಿಟ್ಟ ಉದ್ದನೆಯ ಹಾಳೆಯೊಂದಿತ್ತು. ಪುಸ್ತಕ ಬರೆದವರು ಮಾನವಶಾಸ್ತ್ರಜ್ಞ ಎಫ್. ಕ್ಲಾರ್ಕ್ ಹೊವೆಲ್, ಚಿತ್ರ ಬರೆದವರು ರುಡಾಲ್ಫ್ ಜಲ್ಲಿಂಗರ್. ಹಾಳೆಯನ್ನು ಪೂರ್ತಿ ಬಿಡಿಸಿದರೆ 15 ಆಕೃತಿಗಳು ಸಾಲಾಗಿ ನಡೆಯುತ್ತಿದ್ದವು. ಇಲ್ಲಿ ಹೊವೆಲ್ ಅವರಿಗೆ ನ್ಯಾಯ ಸಲ್ಲಿಸಲೇಬೇಕು. ಆದಿ ವಾನರಗಳು ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದವು, ಹೋಲಿಕೆಗೆ ಅನುಕೂಲವಾಗಲೆಂದು ಮಾತ್ರ ಎಲ್ಲವನ್ನೂ ನಿಲ್ಲಿಸಿ ತೋರಿಸಿದೆ ಎಂದು ಅದೇ ಪುಟದಲ್ಲಿ ಬರೆದಿದೆ. ಕೆಲವು ಆಕೃತಿಗಳು ನಮ್ಮ ನೇರ ಪೂರ್ವಜರಲ್ಲ, ಪಕ್ಕದ ಕವಲುಗಳು ಎಂಬ ಸೂಚನೆಯೂ ಇದೆ. ಚಿತ್ರ ಲೋಕವನ್ನೆಲ್ಲ ಸುತ್ತಿತು. ಟಿಪ್ಪಣಿ ಪುಸ್ತಕದಲ್ಲೇ ಉಳಿಯಿತು. ನಕಲಿನ ನಕಲಾಗಿ ನಮ್ಮ ಶಾಲೆಗಳಿಗೆ ಬರುವ ಹೊತ್ತಿಗೆ 15 ಆಕೃತಿಗಳು ಐದಾರಾಗಿ, ನಡುವಿನವು ಇನ್ನಷ್ಟು ಬಾಗಿದ್ದವು.

ಆ 15ರಲ್ಲಿ ಒಂದರ ಕಥೆ ಭಾರತದ್ದು. 1932ರಲ್ಲಿ ಜಿ. ಎಡ್ವರ್ಡ್ ಲೂಯಿಸ್ ಎಂಬವರಿಗೆ ಶಿವಾಲಿಕ್ ಬೆಟ್ಟಸಾಲಿನ ಹರಿತಲ್ಯಾಂಗರ್‌ನಲ್ಲಿ, ಎಂದರೆ ಇಂದಿನ ಹಿಮಾಚಲ ಪ್ರದೇಶದಲ್ಲಿ, ಮೇಲ್ದವಡೆಯ ತುಣುಕೊಂದು ಸಿಕ್ಕಿತು. ಅದಕ್ಕೆ ರಾಮಾಪಿಥೆಕಸ್ ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಇದೇ ಮಾನವ ಕವಲಿನ ಮೊದಲಿಗ ಎಂಬ ವಾದ ಬಲವಾಗಿತ್ತು. ನನ್ನ ವಿದ್ಯಾರ್ಥಿ ದೆಸೆಯಲ್ಲೂ ಹಾಗೆಯೇ ಓದಿದ ನೆನಪು. ಆಗ ಕೈಯಲ್ಲಿದ್ದದ್ದು ದವಡೆ ಮತ್ತು ಹಲ್ಲುಗಳ ತುಣುಕುಗಳು ಮಾತ್ರ. ಕಾಲಿನ ಮೂಳೆ ಇರಲಿಲ್ಲ, ಸೊಂಟದ ಮೂಳೆ ಇರಲಿಲ್ಲ. ಆದರೂ ಪಟದಲ್ಲಿ ರಾಮಾಪಿಥೆಕಸ್ ಎರಡು ಕಾಲಮೇಲೆ ನಡೆಯಿತು. ರಕ್ತದ ಪ್ರೋಟೀನುಗಳನ್ನು ಹೋಲಿಸಿದ ಸಾರಿಚ್ ಮತ್ತು ವಿಲ್ಸನ್ 1967ರಲ್ಲಿ ಮಾನವ ಮತ್ತು ಆಫ್ರಿಕದ ವಾನರಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷಗಳಷ್ಟೇ ಆಗಿವೆ ಎಂದಾಗ ಪಳೆಯುಳಿಕೆ ತಜ್ಞರು ಒಪ್ಪಲಿಲ್ಲ. 1982ರಲ್ಲಿ ಡೇವಿಡ್ ಪಿಲ್‌ಬೀಮ್ ವಿವರಿಸಿದ ಶಿವಾಪಿಥೆಕಸ್ ಮುಖದ ಮೂಳೆಗಳು ಒರಾಂಗುಟಾನನ್ನು ಹೋಲುತ್ತಿದ್ದವು. ರಾಮಾಪಿಥೆಕಸ್ ಅದೇ ಶಿವಾಪಿಥೆಕಸ್‌ನ ಗುಂಪಿಗೆ ಸೇರಿಹೋಯಿತು. ಹಲ್ಲು ನೋಡಿ ನಡಿಗೆ ಬರೆದರೆ ಆಗುವುದು ಹೀಗೆ.

ಈಗ ನಮ್ಮ ಕೋತಿಗೆ ಬರೋಣ. ತಲೆಯ ನಡುವಿನಿಂದ ಸುತ್ತಲೂ ಹರಡಿದ ಕೂದಲ ಟೋಪಿ ಇರುವ ಈ ಪ್ರಾಣಿಗೆ ವಿಜ್ಞಾನದಲ್ಲಿ ಮಕಾಕಾ ರೇಡಿಯಾಟಾ ಎಂದು ಹೆಸರು. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇದರ ನೆಲೆಯಿಲ್ಲ. ಸಾವನದುರ್ಗದ ಬುಡದಲ್ಲಿ, ಹೆದ್ದಾರಿಯ ಮರಗಳಲ್ಲಿ, ದೇವಸ್ಥಾನಗಳ ಮುಂದೆ ಬೇಕಾದಷ್ಟು ಕಾಣಸಿಗುತ್ತದೆ. ಕೈ ತುಂಬಿದ್ದಾಗ, ಇಲ್ಲವೇ ಎತ್ತರದ ಪೈರಿನಾಚೆ ನೋಡಬೇಕಾದಾಗ ಎದ್ದು ನಿಲ್ಲುತ್ತದೆ. ಅದನ್ನು ಎದುರಿನಿಂದ ನೋಡಿದರೆ ಪ್ರಯೋಜನವಿಲ್ಲ, ಪಕ್ಕದಿಂದ ನೋಡಬೇಕು. ತೊಡೆ ಮುಂದಕ್ಕೆ ಚಾಚಿರುತ್ತದೆ, ಮೊಣಕಾಲು ಮಡಿದಿರುತ್ತದೆ, ಮುಂಡ ಮುಂದಕ್ಕೆ ವಾಲಿರುತ್ತದೆ. ಹೆಜ್ಜೆ ಗಿಡ್ಡ, ಪ್ರತಿ ಹೆಜ್ಜೆಗೂ ಮೈ ಅತ್ತ ಇತ್ತ ತೂಗುತ್ತದೆ. ಸರಿಯಾಗಿ ನೋಡಿದರೆ ಪಟದ ಎರಡನೆಯ ಆಕೃತಿಯ ಭಂಗಿಯೇ!

ಪಟದ ತಪ್ಪು ಇಲ್ಲೇ ಹುಟ್ಟುತ್ತದೆ. ನಾಲ್ಕು ಕಾಲಿಗೆ ಹೊಂದಿದ ದೇಹ ಎರಡು ಕಾಲ ಮೇಲೆ ನಿಂತಾಗ ಬಾಗಿ ನಿಲ್ಲುತ್ತದೆ. ಆ ಬಾಗು ಕೋತಿಯ ಈ ಕ್ಷಣದ ಒದ್ದಾಟ. ಅದನ್ನು ನಮ್ಮ ಪೂರ್ವಜರ ಇತಿಹಾಸದ ಒಂದು ಘಟ್ಟವೆಂದು ಚಿತ್ರಕಾರರು ಬರೆದುಬಿಟ್ಟರು. ಕೋತಿಯ ಕವಲೂ ನಮ್ಮ ಕವಲೂ ಬೇರೆಯಾಗಿ ಎರಡೂವರೆ ಕೋಟಿ ವರ್ಷಗಳ ಮೇಲಾಗಿದೆ. ಆಮೇಲೆ ಅದು ಕೋತಿಯಾಗಿಯೇ ಚೆನ್ನಾಗಿ ಬದುಕಿದೆ, ನೆಟ್ಟಗಾಗಲು ಪ್ರಯತ್ನಿಸುತ್ತಿಲ್ಲ. (ಕನ್ನಡದಲ್ಲಿ 'ನೆಟ್ಟಗಿರು' ಎಂದರೆ ಸರಿಯಾಗಿ ನಡೆದುಕೋ ಎಂಬ ಅರ್ಥವೂ ಇದೆ. ಪಟದ ಬಲತುದಿಯವನನ್ನು ನೋಡಿದಾಗ ಈ ಎರಡನೆಯ ಅರ್ಥವೂ ಸದ್ದಿಲ್ಲದೆ ಮಕ್ಕಳ ತಲೆಗೆ ಹೋಗುತ್ತದೆ.)

ಕೋತಿ ಬಾಗಿಯೇ ನಿಲ್ಲುವುದು ಏಕೆ? ಸೊಂಟದ ಮೂಳೆಯನ್ನು ನೋಡಬೇಕು. ಕೋತಿಯಲ್ಲೂ ಚಿಂಪಾಂಜಿಯಲ್ಲೂ ಅದರ ಮೇಲ್ಭಾಗ, ಇಲಿಯಮ್, ಉದ್ದವಾಗಿ ಚಪ್ಪಟೆಯಾಗಿ ಬೆನ್ನಿನ ಉದ್ದಕ್ಕೂ ಏರಿದೆ. ನಮ್ಮಲ್ಲಿ ಅದು ಗಿಡ್ಡವಾಗಿ, ಅಗಲವಾಗಿ, ಬೋಗುಣಿಯ ಅಂಚಿನಂತೆ ಪಕ್ಕಕ್ಕೆ ಬಾಗಿದೆ. ಇದರಿಂದ ಪೃಷ್ಠದ ಎರಡು ಸ್ನಾಯುಗಳ ಕೆಲಸವೇ ಬದಲಾಯಿತು. ಚಿಂಪಾಂಜಿಯಲ್ಲಿ ಅವು ಕಾಲನ್ನು ಹಿಂದಕ್ಕೆ ಒದೆಯಲು ನೆರವಾಗುತ್ತವೆ. ನಮ್ಮಲ್ಲಿ ಸೊಂಟದ ಪಕ್ಕಕ್ಕೆ ಬಂದು, ಒಂದು ಕಾಲೆತ್ತಿದಾಗ ಮೈ ಆ ಕಡೆಗೆ ಕುಸಿಯದಂತೆ ಹಿಡಿಯುತ್ತವೆ.

ಇದು ಎಂಟನೆಯ ತರಗತಿಯವರೂ ಮಾಡಬಹುದಾದ ಸನ್ನೆಯ ಲೆಕ್ಕ. 60 ಕಿಲೋಗ್ರಾಂ ತೂಕದ ವ್ಯಕ್ತಿ ಒಂದೇ ಕಾಲಿನಲ್ಲಿ ನಿಂತಿದ್ದಾನೆ ಎನ್ನಿ. ನಿಂತ ಕಾಲನ್ನು ಬಿಟ್ಟರೆ ಉಳಿದ ಮೈಯ ತೂಕ ಸುಮಾರು 50 ಕಿಲೋಗ್ರಾಂ, ಎಂದರೆ 500 ನ್ಯೂಟನ್. ಆನಿಕೆ ಬಿಂದು ನಿಂತ ಕಾಲಿನ ಸೊಂಟದ ಕೀಲು. ಗುರುತ್ವ ರೇಖೆ ಅಲ್ಲಿಂದ ಸುಮಾರು 10 ಸೆಂಟಿಮೀಟರ್ ಒಳಗೆ. ಸ್ನಾಯು ಎಳೆಯುವುದು 5 ಸೆಂಟಿಮೀಟರ್ ಹೊರಗೆ. ಸಮತೋಲಕ್ಕೆ ಸ್ನಾಯು 1000 ನ್ಯೂಟನ್ ಬಲ ಹಾಕಬೇಕು. ಕೀಲಿನ ಮೇಲೆ ಎರಡೂ ಸೇರಿ 1500 ನ್ಯೂಟನ್, ಮೈತೂಕದ ಎರಡೂವರೆ ಪಟ್ಟು! ಪ್ರತಿ ಹೆಜ್ಜೆಯಲ್ಲೂ ಇಷ್ಟು. ಸೊಂಟನೋವಿನ ಅಜ್ಜಿ ಊರುಗೋಲನ್ನು ನೋವಿರುವ ಕಡೆಯ ಕೈಯಲ್ಲಿ ಹಿಡಿಯದೆ ಎದುರು ಕೈಯಲ್ಲಿ ಹಿಡಿಯಬೇಕೆಂದು ವೈದ್ಯರು ಹೇಳುವುದು ಈ ಲೆಕ್ಕದಿಂದಲೇ. ಹೀಗೆ ಪಕ್ಕದಿಂದ ಎಳೆಯುವ ಸ್ನಾಯು ಕೋತಿಗಿಲ್ಲ. ಆದ್ದರಿಂದ ಅದು ಇಡೀ ಮುಂಡವನ್ನೇ ನಿಂತ ಕಾಲಿನ ಮೇಲಕ್ಕೆ ಎಸೆಯಬೇಕು. ನಾವು ಕಾಣುವ ತೂಗಾಟ ಅದೇ.

ಇನ್ನೊಂದು ಗುರುತು ತೊಡೆಮೂಳೆಯದು. ನಮ್ಮ ತೊಡೆಮೂಳೆ ಸೊಂಟದಿಂದ ಮೊಣಕಾಲಿಗೆ ಒಳಮುಖವಾಗಿ ಓರೆಯಾಗಿ ಇಳಿಯುತ್ತದೆ, ಸುಮಾರು 8ರಿಂದ 11 ಡಿಗ್ರಿ. ಹೀಗಾಗಿ ಪಾದಗಳು ಮೈಯ ನಡುಗೆರೆಯ ಹತ್ತಿರ ಬೀಳುತ್ತವೆ. ಚಿಂಪಾಂಜಿಯಲ್ಲಿ ಈ ಓರೆ ಇಲ್ಲವೆನ್ನುವಷ್ಟು ಕಡಿಮೆ. ವಿಶೇಷವೆಂದರೆ ನಮ್ಮಲ್ಲೂ ಅದು ಹುಟ್ಟಿನಿಂದ ಬಂದದ್ದಲ್ಲ. ಹಸುಗೂಸಿನ ತೊಡೆಮೂಳೆ ನೇರ. ಮಗು ನಡೆಯಲು ಕಲಿತ ಮೇಲೆ ವರ್ಷ ವರ್ಷಕ್ಕೂ ಓರೆಯಾಗುತ್ತದೆ. ಎಂದೂ ನಡೆಯಲಾಗದ ಮಕ್ಕಳಲ್ಲಿ ಓರೆ ಮೂಡುವುದಿಲ್ಲ. ಆದ್ದರಿಂದ ಪಳೆಯುಳಿಕೆಯೊಂದರ ಮೊಣಕಾಲಿನಲ್ಲಿ ಈ ಓರೆ ಕಂಡರೆ, ಆ ಜೀವಿ ತನ್ನ ಬಾಳಿನುದ್ದಕ್ಕೂ ಎರಡು ಕಾಲಮೇಲೆ ನಡೆದಿತ್ತು ಎಂದು ಮೂಳೆಯೇ ಸಾಕ್ಷಿ ಹೇಳಿದಂತೆ. 1973ರಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್‌ಗೆ ಸಿಕ್ಕ ಮೊಣಕಾಲಿನ ಕೀಲು ಹಾಗೆ ಓರೆಯಾಗಿತ್ತು. ಅದರ ವಯಸ್ಸು 30 ಲಕ್ಷ ವರ್ಷಗಳ ಮೇಲೆ.

ಬಾಗಿದ ನಡಿಗೆಗೆ ಎಷ್ಟು ಬೆಲೆ ತೆರಬೇಕು ಎಂಬುದನ್ನು ಆ ಶಾಲೆಯ ಮಕ್ಕಳಿಂದಲೇ ಮಾಡಿಸಿದೆ. ಪಟದ ಮೂರನೆಯ ಆಕೃತಿಯಂತೆ ಮೊಣಕಾಲು ಮಡಿಸಿ ಅಂಗಳವನ್ನು ನಾಲ್ಕು ಸುತ್ತು ಬರಬೇಕು. ಆಮೇಲೆ ನಾಡಿ ಎಣಿಸಬೇಕು. ಸ್ವಲ್ಪ ಹೊತ್ತು ಬಿಟ್ಟು ಅದೇ ವೇಗದಲ್ಲಿ ಎಂದಿನಂತೆ ನಡೆದು ಮತ್ತೆ ಎಣಿಸಬೇಕು. ಎರಡನೆಯ ಸುತ್ತಿಗೇ ತೊಡೆ ಉರಿಯುತ್ತಿದೆ ಎಂಬ ದೂರು ಬಂತು. ಮೈತೂಕ ಒಂದು ಕಾಲಿನ ಮೇಲಿದ್ದು, ಗುರುತ್ವ ರೇಖೆ ಮೊಣಕಾಲಿನ ಕೀಲಿನಿಂದ 15 ಸೆಂಟಿಮೀಟರ್ ಹಿಂದೆ ಬಿದ್ದರೆ 600 ನ್ಯೂಟನ್ ತೂಕಕ್ಕೆ 90 ನ್ಯೂಟನ್-ಮೀಟರ್ ಟಾರ್ಕ್ ಬರುತ್ತದೆ. ಇದನ್ನು ತಡೆಯುವ ತೊಡೆಯ ಮುಂಭಾಗದ ಸ್ನಾಯುವಿಗೆ ಇರುವ ಸನ್ನೆಯ ಉದ್ದ ಸುಮಾರು 4 ಸೆಂಟಿಮೀಟರ್. ಎಂದರೆ 2250 ನ್ಯೂಟನ್, ಮೈತೂಕದ ನಾಲ್ಕು ಪಟ್ಟಿಗೆ ಹತ್ತಿರ. ಕಾಲು ನೇರವಾಗಿದ್ದರೆ ಗುರುತ್ವ ರೇಖೆ ಕೀಲಿನ ಮೂಲಕವೇ ಹಾದು ಟಾರ್ಕ್ ಸೊನ್ನೆಗೆ ಸಮೀಪಿಸುತ್ತದೆ. ಭಾರವನ್ನು ಮೂಳೆ ಹೊರುತ್ತದೆ, ಸ್ನಾಯು ವಿಶ್ರಮಿಸುತ್ತದೆ. ಮನುಷ್ಯರನ್ನು ಹೀಗೆ ಬಾಗಿ ನಡೆಯಿಸಿ ಆಮ್ಲಜನಕದ ಬಳಕೆ ಅಳೆದ ಕೇರಿ ಮತ್ತು ಕ್ರಾಂಪ್ಟನ್ 2005ರಲ್ಲಿ ಖರ್ಚು ಸುಮಾರು ಅರ್ಧದಷ್ಟು ಹೆಚ್ಚುತ್ತದೆ ಎಂದು ವರದಿ ಮಾಡಿದ್ದಾರೆ.

ನೇರ ಕಾಲಿನ ಇನ್ನೊಂದು ಲಾಭ ನಾನು ಅಂದು ತೋರಿಸಲು ಹೋಗಿದ್ದ ಲೋಲಕದ್ದೇ. ನಡೆಯುವಾಗ ನೆಲಕ್ಕೂರಿದ ಕಾಲು ತಲೆಕೆಳಗಾದ ಲೋಲಕ. ಗುಂಡಿನ ಜಾಗದಲ್ಲಿ ನಮ್ಮ ಗುರುತ್ವ ಕೇಂದ್ರ. ಹೆಜ್ಜೆಯ ನಡುವಿನಲ್ಲಿ ಅದು ಮೇಲೇರಿ ವೇಗ ತಗ್ಗುತ್ತದೆ, ಕೊನೆಯಲ್ಲಿ ಕೆಳಗಿಳಿದು ವೇಗ ಹೆಚ್ಚುತ್ತದೆ. ಪ್ರಚ್ಛನ್ನ ಶಕ್ತಿ ಚಲನಶಕ್ತಿಯಾಗಿ, ಚಲನಶಕ್ತಿ ಪ್ರಚ್ಛನ್ನ ಶಕ್ತಿಯಾಗಿ ಬದಲಾಗುತ್ತ ಹೋಗುತ್ತದೆ. ಹಿತವಾದ ವೇಗದಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಶಕ್ತಿ ಹೀಗೆ ಉಳಿಯುತ್ತದೆ ಎಂದು ಇಟಲಿಯ ಜೊವಾನ್ನಿ ಕವಾನ್ಯಾ ಮತ್ತು ಸಂಗಡಿಗರು ಅಳೆದು ತೋರಿಸಿದರು. ಮೊಣಕಾಲು ಮಡಿಸಿ ನಡೆದರೆ ಗುರುತ್ವ ಕೇಂದ್ರ ಸಮಮಟ್ಟದಲ್ಲಿ ಜಾರುತ್ತದೆ. ನೋಡಲು ನಯವಾದ ನಡಿಗೆ. ಆದರೆ ಏರಿಳಿತವಿಲ್ಲದ್ದರಿಂದ ಉಳಿತಾಯವೂ ಇಲ್ಲ. ಪಿಯುಸಿ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಲೋಲಕದಂತೆ ನಡೆಯಬೇಕಾದರೆ ಅಭಿಕೇಂದ್ರ ಬಲ ತೂಕವನ್ನು ಮೀರಬಾರದು, ಎಂದರೆ ವೇಗದ ವರ್ಗ ಗುರುತ್ವ ವೇಗೋತ್ಕರ್ಷ ಮತ್ತು ಕಾಲಿನ ಉದ್ದಗಳ ಗುಣಲಬ್ಧವನ್ನು ದಾಟಬಾರದು. ಪ್ರಾಯೋಗಿಕವಾಗಿ ಅದರ ಅರ್ಧಕ್ಕೇ ನಾವು ಓಡಲಾರಂಭಿಸುತ್ತೇವೆ. ಕಾಲಿನ ಉದ್ದ 0.8 ಮೀಟರ್ ಇರುವ ವಿದ್ಯಾರ್ಥಿಗೆ ಆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಅಂಗಳದಲ್ಲಿ ಅಳತೆ ಪಟ್ಟಿ ಹಾಸಿ ಇದನ್ನು ಪರೀಕ್ಷಿಸಬಹುದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನಂಥ ಭೌತವಿಜ್ಞಾನಿಗೆ ಸಮಾಧಾನವಾಗುತ್ತಿತ್ತು. ಎರಡು ಕಾಲಿನ ನಡಿಗೆ ಅಗ್ಗ, ಆದ್ದರಿಂದ ಪೂರ್ವಜರು ಎದ್ದು ನಿಂತರು ಎಂದು ಬಹಳ ಕಾಲ ನಾನೂ ತರಗತಿಯಲ್ಲಿ ಹೇಳಿದ್ದೇನೆ. ಅದು ಅವಸರದ ತೀರ್ಮಾನ. ಸಾಕಾಲ್, ರೈಕ್ಲೆನ್ ಮತ್ತು ಪಾಂಟ್ಸರ್ 2007ರಲ್ಲಿ ಐದು ಚಿಂಪಾಂಜಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಯಿಸಿ ಅಳೆದರು. ಮನುಷ್ಯನ ನಡಿಗೆಯ ಖರ್ಚು ಚಿಂಪಾಂಜಿಯದಕ್ಕಿಂತ ಸುಮಾರು ಶೇಕಡ 75ರಷ್ಟು ಕಡಿಮೆ ಎಂಬುದೇನೋ ನಿಜ. ಆದರೆ ಚಿಂಪಾಂಜಿಗೆ ಎರಡು ಕಾಲೂ ಒಂದೇ, ನಾಲ್ಕು ಕಾಲೂ ಒಂದೇ. ಸರಾಸರಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಜಪಾನಿನಲ್ಲಿ ಕೋತಿ ಕುಣಿಸುವ ಹಳೆಯ ಸಂಪ್ರದಾಯವೊಂದಿದೆ, ಸಾರು-ಮವಾಶಿ ಎಂದು ಹೆಸರು. ಚಿಕ್ಕಂದಿನಿಂದ ಪಳಗಿಸಿದ ಆ ಕೋತಿಗಳು ಬೇರೆ ಕೋತಿಗಳಿಗಿಂತ ಉದ್ದದ ಹೆಜ್ಜೆಯಿಟ್ಟು, ಕಾಲನ್ನು ಹೆಚ್ಚು ನೇರ ಮಾಡಿ ನಡೆಯುತ್ತವೆ. ಬೆನ್ನೆಲುಬಿನ ಕೆಳಭಾಗದಲ್ಲಿ ನಮ್ಮಂಥ ಬಾಗೂ ಮೂಡುತ್ತದೆ. ಅಷ್ಟಾದರೂ ಅವುಗಳಿಗೆ ಎರಡು ಕಾಲಿನ ನಡಿಗೆ ನಾಲ್ಕು ಕಾಲಿನದಕ್ಕಿಂತ ಶೇಕಡ 20ರಿಂದ 30ರಷ್ಟು ದುಬಾರಿ ಎಂದು ನಕತ್ಸುಕಾಸ ತಂಡ 2004ರಲ್ಲಿ ತಿಳಿಸಿತು. ಉಳಿತಾಯ ಸಿಗುವುದು ಸೊಂಟ, ಮೊಣಕಾಲು, ಪಾದ ಬದಲಾದ ಮೇಲೆ. ಬದಲಾಗುವ ಮೊದಲು ಎದ್ದು ನಿಲ್ಲಲು ಅದು ಕಾರಣವಾಗಲಾರದು.

ಹಾಗಾದರೆ ನೇರ ಕಾಲು ಎಲ್ಲಿಂದ ಬಂತು? ಇದಕ್ಕೆ ಈಚಿನ ವರ್ಷಗಳ ಉತ್ತರ ನೆಲದ ಮೇಲಿಲ್ಲ, ಮರದ ಮೇಲಿದೆ. ಸೂಸನ್ನಾ ಥಾರ್ಪ್ ಸುಮಾತ್ರಾದ ಕಾಡಿನಲ್ಲಿ ಒರಾಂಗುಟಾನ್‌ಗಳ ಓಡಾಟದ 2800ಕ್ಕೂ ಹೆಚ್ಚು ಸಂದರ್ಭಗಳನ್ನು ಒಂದೊಂದಾಗಿ ಬರೆದುಕೊಂಡರು. ಹೋಲ್ಡರ್ ಮತ್ತು ಕ್ರಾಂಪ್ಟನ್ ಜೊತೆ 2007ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಣ್ಣಿರುವುದು ಕೊಂಬೆಯ ತುದಿಯಲ್ಲಿ, ತುದಿ ತೆಳು. ತೊಲೆಯ ನಿಯಮ ನೆನಪಿಸಿಕೊಳ್ಳಿ: ವ್ಯಾಸ ಅರ್ಧವಾದರೆ ಅದೇ ಭಾರಕ್ಕೆ ಕೊಂಬೆ 16 ಪಟ್ಟು ಹೆಚ್ಚು ಬಾಗುತ್ತದೆ. ಅಂಥಲ್ಲಿ ಒರಾಂಗುಟಾನ್ ಮೇಲಿನ ಕೊಂಬೆಯನ್ನು ಕೈಯಲ್ಲಿ ಹಿಡಿದು, ಎರಡು ಕಾಲಿನ ಮೇಲೆ ನಿಂತು ನಡೆಯುತ್ತದೆ. ಆಗ ಅದರ ಮೊಣಕಾಲು ಚಿಂಪಾಂಜಿಯಂತೆ ಮಡಿಯದೆ ನಮ್ಮಂತೆ ನೇರವಾಗಿರುತ್ತದೆ. ಅಸ್ಸಾಮಿನ ಹೊಲ್ಲೊಂಗಾಪಾರ್ ಕಾಡಿನ ಹೂಲಾಕ್ ಗಿಬ್ಬನ್ ಕೂಡ, ತೋಳಿನಲ್ಲಿ ಜೋಲಾಡದಿದ್ದಾಗ, ದಪ್ಪ ಕೊಂಬೆಯ ಮೇಲೆ ತೋಳೆತ್ತಿ ಎರಡು ಕಾಲಿನಲ್ಲಿ ನಡೆಯುತ್ತದೆ. ತೋಳಿನಿಂದ ನೇತಾಡುವ ದೇಹ ಆಗಲೇ ನೆಟ್ಟಗಿದೆ. ಅದನ್ನು ನೆಲಕ್ಕಿಳಿಸಿದರೆ ಮೊದಲು ಬಾಗಿ ಆಮೇಲೆ ನಿಧಾನವಾಗಿ ಏಳಬೇಕಾದ ಅಗತ್ಯವೇ ಬರುವುದಿಲ್ಲ. ಜರ್ಮನಿಯಲ್ಲಿ ಸಿಕ್ಕ, 1 ಕೋಟಿ 16 ಲಕ್ಷ ವರ್ಷ ಹಳೆಯ ಡನುವಿಯಸ್ ಎಂಬ ವಾನರ ಹೀಗೆಯೇ ಕಾಲು ನೀಡಿ ಮರದಲ್ಲಿ ನಡೆಯುತ್ತಿತ್ತು ಎಂದು 2019ರಲ್ಲಿ ಮಡೆಲೇನ್ ಬ್ಯೋಮೆ ವಾದಿಸಿದರು. ಎಲ್ಲರೂ ಒಪ್ಪಿಲ್ಲ.

ಪಟದ ಮೊದಲ ಆಕೃತಿಯೂ ಹೀಗೆ ಅನುಮಾನಕ್ಕೆ ಸಿಕ್ಕಿದೆ. ಬೆರಳಗೆಣ್ಣು ಊರಿ ನಡೆಯುವ ಪೂರ್ವಜನಿಂದ ನಾವು ಬಂದೆವು ಎಂಬುದು ಅದರ ಹಿಂದಿರುವ ನಂಬಿಕೆ. ಟ್ರೇಸಿ ಕಿವೆಲ್ ಮತ್ತು ಡೇನಿಯಲ್ ಸ್ಮಿಟ್ 2009ರಲ್ಲಿ ಮಣಿಕಟ್ಟಿನ ಮೂಳೆಗಳನ್ನು ಹೋಲಿಸಿ, ಗೊರಿಲ್ಲಾ ಮತ್ತು ಚಿಂಪಾಂಜಿ ಗೆಣ್ಣೂರುವ ಬಗೆಯೇ ಬೇರೆ ಬೇರೆ, ಎರಡೂ ಪ್ರತ್ಯೇಕವಾಗಿ ಆ ನಡಿಗೆಯನ್ನು ಪಡೆದಿರಬೇಕು ಎಂದರು. ಗೊರಿಲ್ಲಾ ಮುಂಗೈಯನ್ನು ಕಂಬದಂತೆ ನೇರವಾಗಿ ನಿಲ್ಲಿಸುತ್ತದೆ, ಚಿಂಪಾಂಜಿಯ ಮಣಿಕಟ್ಟು ಹಿಂದಕ್ಕೆ ಮಣಿಯುತ್ತದೆ. ಇದನ್ನು ನೋಡಲು ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳೂ, ಸಿಂಗಪುರ ಮತ್ತು ಮಲೇಷ್ಯಾಗಳಿಂದ ಒರಾಂಗುಟಾನ್‌ಗಳೂ ಬಂದವು. ಚಿಂಪಾಂಜಿಗಳು ಅದಕ್ಕೂ ಹಿಂದಿನಿಂದ ಇದ್ದವು. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಒಂದು ಆವರಣದ ಮುಂದೆ ಹತ್ತು ನಿಮಿಷ ನಿಲ್ಲಿಸಿ, ಕೈ ನೋಡಿ ಎಂದರೆ ಸಾಕು.

ಹುಡುಗಿಯ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು, ನಾನು ಮನೆಗೆ ಬಂದ ಮೇಲೆ ಹೊಳೆಯಿತು. ಅವಳ ಕೋತಿ ಎದ್ದು ನಿಂತದ್ದು ಕಡಲೆಕಾಯಿ ಹೊರಲು. ಗಿನಿ ದೇಶದ ಬೊಸ್ಸೂ ಎಂಬಲ್ಲಿ ಚಿಂಪಾಂಜಿಗಳಿಗೆ ಅಪರೂಪದ, ಬಲು ಇಷ್ಟದ ಕಾಯಿಗಳನ್ನು ಇಟ್ಟು ನೋಡಿದ ಸುಸಾನಾ ಕರ್ವಾಲ್ಯೊ ಮತ್ತು ಸಂಗಡಿಗರು 2012ರಲ್ಲಿ ಇದನ್ನೇ ಹೇಳಿದರು: ಬೆಲೆಬಾಳುವ ಆಹಾರವಿದ್ದಾಗ ಒಂದೇ ಸಲಕ್ಕೆ ಹೆಚ್ಚು ಹೊರಲು ಅವು ಎರಡು ಕಾಲಿನಲ್ಲಿ ನಡೆಯುವುದು ಬಹಳ ಹೆಚ್ಚುತ್ತದೆ. ಕೈ ಬಿಡುವಾದದ್ದೇ ಮುಖ್ಯ ಎಂದು ಡಾರ್ವಿನ್ 1871ರಲ್ಲೇ ಊಹಿಸಿದ್ದರು. ಮರದಲ್ಲಿ ಕಲಿತ ನೇರ ನಿಲುವು, ನೆಲದಲ್ಲಿ ಹೊರೆ ಹೊರುವ ಅಗತ್ಯ, ಆಮೇಲೆ ದೊರೆತ ಶಕ್ತಿಯ ಉಳಿತಾಯ: ನನಗೆ ಇಂದು ಒಪ್ಪಿಗೆಯಾಗುವ ಕ್ರಮ ಇದು. ಪುರಾವೆ ಇನ್ನೂ ಬರುತ್ತಿರುವ ವಿಷಯವಾದ್ದರಿಂದ ಇದನ್ನೂ ಪೆನ್ಸಿಲಿನಲ್ಲೇ ಬರೆದುಕೊಳ್ಳಬೇಕು.

ಪಳೆಯುಳಿಕೆಗಳು ಪಟಕ್ಕೆ ಕೊಡುವ ಪೆಟ್ಟು ಇನ್ನೂ ದೊಡ್ಡದು. ಪಟದಲ್ಲಿ ಬೆನ್ನು ನೆಟ್ಟಗಾದಂತೆಲ್ಲ ತಲೆಯೂ ದೊಡ್ಡದಾಗುತ್ತದೆ. ಬುದ್ಧಿ ಬಂತು, ಎದ್ದು ನಿಂತ ಎಂಬ ಭಾವನೆ ಅದು. ಇದೇ ಭಾವನೆಯಿಂದ ಇಂಗ್ಲೆಂಡಿನ ವಿದ್ವಾಂಸರು 1912ರ ಪಿಲ್ಟ್‌ಡೌನ್ ಬುರುಡೆಯನ್ನು ನಂಬಿದರು. ಅದು ಮೋಸವೆಂದು ಬಯಲಾದದ್ದು 1953ರಲ್ಲಿ. 1925ರಲ್ಲಿ ರೇಮಂಡ್ ಡಾರ್ಟ್ ವಿವರಿಸಿದ ಟಾಂಗ್ ಮಗುವಿನ ಬುರುಡೆಯಲ್ಲಿ ಮಿದುಳು ವಾನರದಷ್ಟೇ ಇತ್ತು, ಬೆನ್ನುಹುರಿ ಇಳಿಯುವ ರಂಧ್ರ ಮಾತ್ರ ಮುಂದಕ್ಕೆ ಸರಿದಿತ್ತು. ತಲೆ ಬೆನ್ನೆಲುಬಿನ ತುದಿಯಲ್ಲಿ ಸಮತೂಕವಾಗಿ ಕೂತಿತ್ತು ಎಂದರ್ಥ. ಅವರ ಮಾತನ್ನು ಒಪ್ಪಲು ಎರಡು ದಶಕ ಹಿಡಿಯಿತು. 1974ರಲ್ಲಿ ಸಿಕ್ಕ 32 ಲಕ್ಷ ವರ್ಷ ಹಳೆಯ ಲೂಸಿಯ ಸೊಂಟದ ಮೂಳೆ ಗಿಡ್ಡ, ಅಗಲ. ಟಾಂಜಾನಿಯದ ಲಾಯೆಟೊಲಿಯಲ್ಲಿ ಮೇರಿ ಲೀಕಿ ತಂಡಕ್ಕೆ 1978ರಲ್ಲಿ ಸಿಕ್ಕ ಹೆಜ್ಜೆಗುರುತುಗಳು ಜ್ವಾಲಾಮುಖಿಯ ಬೂದಿಯ ಮೇಲೆ 36 ಲಕ್ಷ ವರ್ಷಗಳ ಹಿಂದೆ ಮೂಡಿದವು. ಅಲ್ಲಿ ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಇದೆ. ಅದಕ್ಕೂ ಹಿಂದಿನ, 44 ಲಕ್ಷ ವರ್ಷದ ಆರ್ಡಿಪಿಥೆಕಸ್ 2009ರಲ್ಲಿ ವಿವರವಾಗಿ ಪ್ರಕಟವಾದಾಗ ತಜ್ಞರೂ ಬೆರಗಾದರು: ಕೊಂಬೆ ಹಿಡಿಯುವ ಹೆಬ್ಬೆರಳು ಒಂದು ಕಡೆ, ನಿಲ್ಲಲು ಹೊಂದಿಕೊಂಡ ಸೊಂಟ ಇನ್ನೊಂದು ಕಡೆ, ಗೆಣ್ಣೂರಿ ನಡೆದ ಗುರುತು ಎಲ್ಲೂ ಇಲ್ಲ. ಇಂಥ ಜೀವಿಗೆ ಪಟದಲ್ಲಿ ಜಾಗವೇ ಇಲ್ಲ. ಮಿದುಳು ಬೆಳೆದದ್ದು ಇವೆಲ್ಲ ಆದ ಬಹಳ ಕಾಲದ ಮೇಲೆ.

ಲೂಸಿ ಬಾಗಿ ನಡೆಯುತ್ತಿದ್ದಳೇ, ನೆಟ್ಟಗೆ ನಡೆಯುತ್ತಿದ್ದಳೇ ಎಂದು ವಿಜ್ಞಾನಿಗಳೇ ದಶಕಗಳ ಕಾಲ ಜಗಳವಾಡಿದ್ದನ್ನು ಮುಚ್ಚಿಡಬಾರದು. 2010ರಲ್ಲಿ ರೈಕ್ಲೆನ್ ಒಂದು ಸರಳ ಪ್ರಯೋಗ ಮಾಡಿದರು. ಒದ್ದೆ ಮರಳಿನ ಮೇಲೆ ಜನರನ್ನು ಮೊದಲು ಎಂದಿನಂತೆ, ಆಮೇಲೆ ಮೊಣಕಾಲು ಮಡಿಸಿ ನಡೆಯಿಸಿದರು. ಬಾಗಿ ನಡೆದಾಗ ಹೆಜ್ಜೆಯಲ್ಲಿ ಬೆರಳುಗಳ ಕಡೆ ಹೆಚ್ಚು ಆಳ ಬಿತ್ತು. ಲಾಯೆಟೊಲಿಯ ಹೆಜ್ಜೆಗಳಲ್ಲಿ ಹಿಮ್ಮಡಿ ಮತ್ತು ಬೆರಳಿನ ಆಳ ಸಮಸಮವಾಗಿತ್ತು, ನಮ್ಮ ಎಂದಿನ ನಡಿಗೆಯ ಹಾಗೆ. 2016ರಲ್ಲಿ ಹಟಾಲಾ ಮತ್ತು ಇತರರು ಇನ್ನೂ ಸೂಕ್ಷ್ಮವಾಗಿ ಅಳೆದು, ಅದು ಪೂರ್ತಿ ನಮ್ಮ ನಡಿಗೆಯಲ್ಲ, ಕಾಲು ಸ್ವಲ್ಪ ಹೆಚ್ಚು ಮಡಿದಿರಬಹುದು, ಆದರೆ ಚಿಂಪಾಂಜಿಯ ನಡಿಗೆಯಂತೂ ಅಲ್ಲ ಎಂದು ತಿದ್ದಿದರು. ಮರಳು, ಅಳತೆ ಪಟ್ಟಿ, ನಾಲ್ಕು ಜನ ವಿದ್ಯಾರ್ಥಿಗಳು ಇದ್ದರೆ ನಮ್ಮ ಯಾವ ಶಾಲೆಯಲ್ಲಾದರೂ ಮಾಡಬಹುದಾದ ಪ್ರಯೋಗ ಇದು.

ಒಂದು ಹಳೆಯ ಪಟದ ಬಗ್ಗೆ ಇಷ್ಟೊಂದು ಏಕೆ ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಎನ್‌ಸಿಇಆರ್‌ಟಿಯು ಪಠ್ಯಭಾರ ಇಳಿಸುವ ಹೆಸರಿನಲ್ಲಿ ಹತ್ತನೆಯ ತರಗತಿಯ 'ಅನುವಂಶೀಯತೆ ಮತ್ತು ವಿಕಾಸ' ಅಧ್ಯಾಯದಿಂದ ವಿಕಾಸದ ಭಾಗವನ್ನು ಕೈಬಿಟ್ಟು 2023ರಲ್ಲಿ ಪುಸ್ತಕ ಮುದ್ರಿಸಿತು. ಅದನ್ನು ಮರಳಿ ಸೇರಿಸಬೇಕೆಂದು 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವವಿಜ್ಞಾನದಲ್ಲಿ ವಿಕಾಸ ಉಳಿದಿದೆ, ಆದರೆ ಅಲ್ಲಿಗೆ ಹೋಗುವವರು ಎಷ್ಟು ಮಂದಿ? ಪುಸ್ತಕದಿಂದ ಪಾಠ ಹೋದರೂ ಗೋಡೆಯಿಂದ ಪಟ ಹೋಗುವುದಿಲ್ಲ. ವಿಕಾಸದ ಬಗ್ಗೆ ಆ ಮಗು ನೋಡುವುದು ಇದೊಂದೇ ಪಟವಾದರೆ, 'ಹಾಗಾದರೆ ಈಗಿನ ಕೋತಿ ಯಾಕೆ ಮನುಷ್ಯ ಆಗಲ್ಲ' ಎಂದು ಕೇಳಿ, ಉತ್ತರ ಸಿಗದೆ, ವಿಕಾಸವೇ ಕಟ್ಟುಕಥೆ ಎಂದುಕೊಂಡು ಹೋಗುತ್ತದೆ. ಪಟ ಹೇಳುವ ವಿಕಾಸ ಕಟ್ಟುಕಥೆಯೇ. ತೊಂದರೆ ಏನೆಂದರೆ ನಿಜವಾದ ವಿಕಾಸದ ಹೆಸರೂ ಅದರ ಜೊತೆಗೇ ಕೆಡುತ್ತದೆ.

ಪಟವನ್ನು ಇಳಿಸಬೇಡಿ ಎಂದು ಆ ಶಾಲೆಯ ಅಧ್ಯಾಪಕರಿಗೆ ಹೇಳಿ ಬಂದೆ. ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿ, ಪಟದಲ್ಲಿ ಕಂಡ ತಪ್ಪುಗಳನ್ನು ಮಕ್ಕಳೇ ಬರೆಯಲಿ. ಹುಡುಗಿಗೂ ಒಂದು ಕೆಲಸ ಕೊಟ್ಟಿದ್ದೇನೆ. ಕೋತಿ ಎರಡು ಕಾಲಿನಲ್ಲಿ ಹೋಗುವಾಗ ಪಕ್ಕದಿಂದ ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ತೆಗೆಯಬೇಕು. ಒಂದು ಪಾದ ಮಾತ್ರ ನೆಲಕ್ಕೂರಿರುವ ಚಿತ್ರವನ್ನು ಆರಿಸಿ, ಸೊಂಟ, ಮೊಣಕಾಲು, ಹರಡುಗಳಿಗೆ ಮೂರು ಚುಕ್ಕಿ ಇಟ್ಟು, ಕೋನಮಾಪಕದಿಂದ ಮೊಣಕಾಲಿನ ಕೋನ ಅಳೆಯಬೇಕು. ಅವಳ ತಮ್ಮನದೂ ಹಾಗೆಯೇ ಅಳೆಯಬೇಕು. ಕೈ ತುಂಬಿದ್ದಾಗ ಎಷ್ಟು ಹೆಜ್ಜೆ, ಖಾಲಿಯಿದ್ದಾಗ ಎಷ್ಟು ಎಂದು ಎಣಿಸಬೇಕು. ಕನಿಷ್ಠ 20 ಸಲವಾದರೂ ನೋಡದೆ ತೀರ್ಮಾನ ಬರೆಯಬಾರದು. ಚಿತ್ರಕ್ಕೋಸ್ಕರ ಕೋತಿಗೆ ತಿಂಡಿಯ ಆಸೆ ತೋರಿಸಬಾರದು ಎಂದೂ ಹೇಳಿದೆ. "ಆಸೆ ತೋರ್ಸೋದೇನು ಬೇಡ ಸರ್, ಕಡ್ಲೆಕಾಯಿ ಕಾಲಕ್ಕೆ ಅವೇ ಬರ್ತವೆ" ಎಂದಳು.